ಹೆಗಲು, ಕೆನ್ನೆ ಮತ್ತು 16 ಇಂಚು: ಅಮೆರಿಕದ ರೈಫಲ್ ಮಾದರಿ ಪಿಸ್ತೂಲುಗಳ ಕಾನೂನು ಸಾಗಿ ಬಂದ ದಾರಿ

ಅಮೆರಿಕದ ಬಂದೂಕು ಅಂಗಡಿಗಳಲ್ಲಿ ಗೇಣುದ್ದದ, ಒಳಗೆ ಟೊಳ್ಳಾಗಿರುವ ಕಪ್ಪು ಫೋಮ್ ತುಂಡೊಂದು ಸಿಗುತ್ತದೆ. ಎಆರ್-15 ಎಂಬ ರೈಫಲ್ಲಿನ ಮಾದರಿಯ ಪಿಸ್ತೂಲಿನ ಹಿಂಬದಿಗೆ ಚಾಚಿಕೊಂಡಿರುವ ಲೋಹದ ಕೊಳವೆಗೆ ಅದನ್ನು ತೊಡಿಸುತ್ತಾರೆ. ಗುರಿ ಹಿಡಿಯುವಾಗ ಕೆನ್ನೆ ತಾಗುವ ಜಾಗ ಅದು. ಚಳಿಗಾಲದಲ್ಲಿ ಬರಿಯ ಲೋಹ ಕೊರೆಯುತ್ತದೆ, ಫೋಮ್ ಇದ್ದರೆ ಹಿತ. ಇಷ್ಟು ಸಣ್ಣ ವಸ್ತುವನ್ನು ಕೊಳ್ಳುವವರೂ ತಮ್ಮ ಪಿಸ್ತೂಲು ಇನ್ನೂ ಪಿಸ್ತೂಲಾಗಿಯೇ ಉಳಿಯುತ್ತದೆಯೇ ಎಂದು ಕಾನೂನು ನೋಡಬೇಕಾದ ಸ್ಥಿತಿ ಅಲ್ಲಿದೆ. ಈ ಸ್ಥಿತಿಯ ಬೇರು 1934ರಲ್ಲಿದೆ.

ಮದ್ಯನಿಷೇಧದ ಕಾಲದ ಗ್ಯಾಂಗುಗಳ ರಕ್ತಪಾತ ಕಂಡಿದ್ದ ದೇಶಕ್ಕೆ ಆ ವರ್ಷ ಅಧ್ಯಕ್ಷ ರೂಸ್‌ವೆಲ್ಟ್ ಸಹಿಯೊಂದಿಗೆ ರಾಷ್ಟ್ರೀಯ ಬಂದೂಕು ಕಾಯ್ದೆ ಬಂತು. ಮೆಷಿನ್ ಗನ್, ಮೋಟು ನಳಿಗೆಯ ರೈಫಲ್, ಮೋಟು ಶಾಟ್‌ಗನ್, ಸದ್ದಡಗಿಸುವ ಸಾಧನ ಇವೆಲ್ಲಕ್ಕೂ ನೋಂದಣಿ ಕಡ್ಡಾಯವಾಯಿತು. ಹಸ್ತಾಂತರಕ್ಕೆ 200 ಡಾಲರ್ ತೆರಿಗೆ. ಆ ದಿನಗಳಲ್ಲಿ 200 ಡಾಲರ್ ಎಂದರೆ ಸಾಮಾನ್ಯ ಮನುಷ್ಯ ಆಸೆಯನ್ನೇ ಬಿಡಬೇಕಾದ ಮೊತ್ತ. ಮೂಲ ಮಸೂದೆಯಲ್ಲಿ ಪಿಸ್ತೂಲು, ರಿವಾಲ್ವರುಗಳೂ ಇದ್ದವು. ಅಂಗಿಯೊಳಗೆ ಅಡಗಿಸಬಹುದಾದ ಆಯುಧವೇ ಅಪಾಯಕಾರಿ ಎಂಬುದು ಸರ್ಕಾರದ ವಾದವಾಗಿತ್ತು. ಪಿಸ್ತೂಲಿಗೆ ತೆರಿಗೆ ಹಾಕಿದರೆ ಜನ ರೈಫಲ್ಲಿನ ನಳಿಗೆಯನ್ನೇ ಕತ್ತರಿಸಿ ಪಿಸ್ತೂಲಿನಂತೆ ಬಳಸಿಯಾರು ಎಂದು ಮೋಟು ರೈಫಲ್ಲುಗಳನ್ನೂ ಸೇರಿಸಲಾಗಿತ್ತು. ಕೊನೆಗೆ ವಿರೋಧಕ್ಕೆ ಮಣಿದು ಪಿಸ್ತೂಲುಗಳನ್ನು ಪಟ್ಟಿಯಿಂದ ಕೈಬಿಟ್ಟರು. ಮೋಟು ರೈಫಲ್ ಮಾತ್ರ ಅಲ್ಲೇ ಉಳಿಯಿತು.

ಇಡೀ ತೊಡಕು ಹುಟ್ಟಿದ್ದು ಇಲ್ಲಿ ಎಂದು ನಾನು ದೃಢವಾಗಿ ನಂಬುತ್ತೇನೆ. ಯಾವುದನ್ನು ಕಾಯಲು ಬೇಲಿ ಹಾಕಿದರೋ ಅದನ್ನೇ ಹೊರಗೆ ಬಿಟ್ಟು, ಬೇಲಿಯನ್ನು ಹಾಗೆಯೇ ನಿಲ್ಲಿಸಿದರು. ಅಂದಿನಿಂದ ಹತ್ತು ಇಂಚಿನ ನಳಿಗೆಯ ಪಿಸ್ತೂಲನ್ನು ಕೇಂದ್ರದ ನೋಂದಣಿಯಿಲ್ಲದೆ ಇಟ್ಟುಕೊಳ್ಳಬಹುದು. ಅದೇ ನಳಿಗೆಯ ಹಿಂದೆ ಹೆಗಲಿಗೆ ಆನಿಸುವ ಸ್ಟಾಕ್ ಸೇರಿಸಿ, ನೋಂದಣಿ ಮಾಡಿಸದಿದ್ದರೆ ಹತ್ತು ವರ್ಷಗಳವರೆಗೆ ಸೆರೆವಾಸ. ಕಾನೂನಿನ ಪ್ರಕಾರ ಹೆಗಲಿಗಾನಿಸಿ ಹೊಡೆಯಲೆಂದು ರೂಪಿಸಿದ್ದು ರೈಫಲ್, ಒಂದು ಕೈಯಲ್ಲಿ ಹಿಡಿದು ಹೊಡೆಯಲೆಂದು ರೂಪಿಸಿದ್ದು ಪಿಸ್ತೂಲು. ರೈಫಲ್ಲಿನ ನಳಿಗೆಗಿದ್ದ 18 ಇಂಚಿನ ಕನಿಷ್ಠ ಮಿತಿಯನ್ನು 1960ರಲ್ಲಿ 16 ಇಂಚಿಗೆ ಇಳಿಸಿದರು. ಶಾಟ್‌ಗನ್ನಿಗೆ 18 ಇಂಚೇ ಉಳಿಯಿತು.

ಈ ವಿಂಗಡಣೆ ಬಹುಕಾಲ ಹೇಗೋ ನಡೆದುಹೋಯಿತು, ಏಕೆಂದರೆ ಹಳೆಯ ಪಿಸ್ತೂಲುಗಳ ಹಿಂದೆ ಹೆಗಲಿಗಾನಿಸಲು ಸಾಮಾನ್ಯವಾಗಿ ಏನೂ ಇರುತ್ತಿರಲಿಲ್ಲ. ಯೂಜಿನ್ ಸ್ಟೋನರ್ 1950ರ ದಶಕದ ಕೊನೆಯಲ್ಲಿ ಆರ್ಮಲೈಟ್ ಕಂಪನಿಗಾಗಿ ರೂಪಿಸಿದ ಎಆರ್-15ರ ಯಂತ್ರರಚನೆ ಮಾತ್ರ ಬೇರೆ ಬಗೆಯದು. ಗುಂಡು ಹಾರಿದಾಗ ಅದರ ಬೋಲ್ಟ್ ಹಿಂದಕ್ಕೆ ನುಗ್ಗಿ, ಬಫರ್ ಎಂಬ ತೂಕದ ತುಂಡನ್ನೂ ಸ್ಪ್ರಿಂಗನ್ನೂ ಒತ್ತುತ್ತದೆ. ಇವೆರಡೂ ಇರುವುದು ಬಂದೂಕಿನ ಮೈಯಿಂದ ಹಿಂದಕ್ಕೆ ಚಾಚಿದ ಕೊಳವೆಯಲ್ಲಿ. ಅದೇ ಬಫರ್ ಟ್ಯೂಬ್. ಅದನ್ನು ತೆಗೆದರೆ ಬಂದೂಕು ಓಡುವುದೇ ಇಲ್ಲ. ಎಕೆ ಮಾದರಿಯಲ್ಲಿ ಸ್ಪ್ರಿಂಗ್ ಬಂದೂಕಿನ ಮೈಯೊಳಗೇ ಇರುವುದರಿಂದ ಈ ಬಾಲ ಬೇಕಿಲ್ಲ. ಅಂದರೆ ಎಆರ್ ಮಾದರಿಯ ಪಿಸ್ತೂಲಿಗೆ ಸ್ಟಾಕ್ ಕೂರುವಂಥ ಜಾಗ ಹುಟ್ಟಿನಿಂದಲೇ ಬಂದಿದೆ. ಕಾನೂನು ಕೊಳವೆಯನ್ನು ನಿಷೇಧಿಸಲಾರದು. ಆದ್ದರಿಂದ ಅದರ ಮೇಲೆ ಏನು ಕೂರುತ್ತದೆ ಎಂಬುದೇ ಪ್ರಶ್ನೆಯಾಯಿತು.

ಫೋಮ್ ಕವಚ, ಕೆನ್ನೆಗೆ ಆನಿಸುವ ಚೀಕ್ ರೆಸ್ಟ್ ಇವುಗಳಿಗೆ ಅವಕಾಶ ಸಿಕ್ಕಿದ್ದು ಇಲ್ಲಿಯೇ. ರೈಫಲ್ಲಿನ ವ್ಯಾಖ್ಯೆ ಹೆಗಲಿನ ಬಗ್ಗೆ ಹೇಳುತ್ತದೆ, ಕೆನ್ನೆಯ ಬಗ್ಗೆ ಏನೂ ಹೇಳುವುದಿಲ್ಲ. ಕೆನ್ನೆಯನ್ನು ಕೊಳವೆಗೆ ಒತ್ತಿ, ಹೆಗಲಿಗೆ ತಾಗಿಸದೆ ಹೊಡೆಯುವುದು ಈ ಪಿಸ್ತೂಲುಗಳನ್ನು ಬಳಸುವವರಲ್ಲಿ ರೂಢಿಯಾಯಿತು.

2012ರಲ್ಲಿ ಈ ಶಾಂತಿ ಕದಡಿತು. ಮಾಜಿ ಸೈನಿಕ ಅಲೆಕ್ಸ್ ಬಾಸ್ಕೊ, ಅಂಗವಿಕಲ ಯೋಧರೂ ಭಾರದ ಪಿಸ್ತೂಲನ್ನು ಒಂದು ಕೈಯಲ್ಲಿ ಸ್ಥಿರವಾಗಿ ಹಿಡಿಯಲು ನೆರವಾಗಲೆಂದು, ಮುಂಗೈಗೆ ಪಟ್ಟಿಯಿಂದ ಬಿಗಿಯುವ ಬ್ರೇಸ್ ಎಂಬ ಸಾಧನ ರೂಪಿಸಿದರು. ಬಂದೂಕುಗಳ ಉಸ್ತುವಾರಿ ಹೊತ್ತ ಕೇಂದ್ರ ಇಲಾಖೆ ಎಟಿಎಫ್, ಅದು ಸ್ಟಾಕ್ ಅಲ್ಲ ಎಂದು ಪತ್ರ ಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಬ್ರೇಸ್ ಹೆಗಲಿಗೂ ಚೆನ್ನಾಗಿ ಕೂರುತ್ತದೆ ಎಂಬುದು ಎಲ್ಲರಿಗೂ ಬೇಗ ತಿಳಿಯಿತು. ಬ್ರೇಸನ್ನು ಹೆಗಲಿಗಾನಿಸಿದರೂ ಆಯುಧದ ವರ್ಗ ಬದಲಾಗದು ಎಂದು 2014ರಲ್ಲಿ ಎಟಿಎಫ್ ಹೇಳಿತು. 2015ರ ಜನವರಿಯ ಬಹಿರಂಗ ಪತ್ರದಲ್ಲಿ, ಹಾಗೆ ಬಳಸುವುದೆಂದರೆ ಆಯುಧವನ್ನೇ ಮರುರೂಪಿಸಿದಂತೆ, ಅಂದರೆ ಪಿಸ್ತೂಲನ್ನು ಮೋಟು ರೈಫಲ್ ಮಾಡಿದಂತೆ ಎಂದಿತು. 2017ರಲ್ಲಿ, ಎಂದೋ ಒಮ್ಮೆ ಆನಿಸಿದ ಮಾತ್ರಕ್ಕೆ ಮರುರೂಪಿಸಿದಂತಾಗದು ಎಂದು ಸಡಿಲಿಸಿತು. ಕಾನೂನಿನ ಒಂದಕ್ಷರವೂ ಬದಲಾಗದೆ, ಬರಿಯ ಪತ್ರಗಳ ಮೇಲೆ ನಾಗರಿಕರು ಅಪರಾಧಿಗಳಾಗುವುದು ಮತ್ತು ಆಗದಿರುವುದು ನಿರ್ಧಾರವಾಗುತ್ತಿತ್ತು. ಬಂದೂಕುಗಳ ಬಗ್ಗೆ ಯಾರ ನಿಲುವು ಏನೇ ಇರಲಿ, ಇದು ಆಡಳಿತ ನಡೆಸುವ ರೀತಿಯಲ್ಲ.

ಅತ್ತ ನೋವಿನ ಕಾರಣಗಳೂ ಇದ್ದವು. 2019ರ ಆಗಸ್ಟ್‌ನಲ್ಲಿ ಒಹಾಯೊ ರಾಜ್ಯದ ಡೇಟನ್‌ನಲ್ಲಿ ಒಂಬತ್ತು ಜನ, 2021ರ ಮಾರ್ಚ್‌ನಲ್ಲಿ ಕೊಲರಾಡೊದ ಬೋಲ್ಡರ್‌ನ ಸೂಪರ್ ಮಾರ್ಕೆಟಿನಲ್ಲಿ ಹತ್ತು ಜನ ಹತರಾದರು. ಎರಡೂ ಕಡೆ ಹಂತಕರ ಕೈಯಲ್ಲಿದ್ದದ್ದು ಬ್ರೇಸ್ ಇದ್ದ ಎಆರ್ ಮಾದರಿಯ ಪಿಸ್ತೂಲು. ಬೋಲ್ಡರ್ ದುರಂತದ ಬಳಿಕ ಅಧ್ಯಕ್ಷ ಬೈಡನ್ ಹೊಸ ನಿಯಮ ಬೇಕೆಂದರು. 2021ರ ಜೂನ್‌ನಲ್ಲಿ ಬಂದ ಕರಡಿನಲ್ಲಿ ಅಂಕಪಟ್ಟಿಯೇ ಇತ್ತು: ಹಿಂಬದಿಯ ಅಗಲಕ್ಕೆ ಇಷ್ಟು, ಟ್ರಿಗರ್‌ನಿಂದ ಹಿಂಬದಿಯ ತುದಿಗೆ ಇರುವ ಉದ್ದಕ್ಕೆ ಇಷ್ಟು ಎಂದು ಅಂಕ ಕೂಡಿಸುವ ಪದ್ಧತಿ. ಎರಡು ಲಕ್ಷಕ್ಕೂ ಹೆಚ್ಚು ಅಭಿಪ್ರಾಯಗಳು ಹರಿದುಬಂದವು. 2023ರ ಜನವರಿ 31ರಂದು ಪ್ರಕಟವಾದ ಅಂತಿಮ ನಿಯಮ ಅಂಕಪಟ್ಟಿಯನ್ನು ಕೈಬಿಟ್ಟು, ತೂಕ, ಉದ್ದ, ಗುರಿ ಹಿಡಿಯುವ ಸಾಧನದ ಬಗೆ, ಕಂಪನಿಯ ಜಾಹೀರಾತು, ಜನ ವಾಸ್ತವದಲ್ಲಿ ಬಳಸುವ ರೀತಿ ಎಲ್ಲವನ್ನೂ ಒಟ್ಟಾಗಿ ತೂಗಬೇಕೆಂದಿತು. ಹಿಂಬದಿಯ ಭಾಗ ಬಂದೂಕು ಓಡಲು ಅಗತ್ಯವೇ ಎಂಬುದೂ ಆ ಮಾನದಂಡಗಳಲ್ಲಿ ಒಂದು. ಎಆರ್ ಪಿಸ್ತೂಲಿನ ಬರಿಯ ಬಫರ್ ಟ್ಯೂಬಿಗೆ ಅದರಿಂದ ರಕ್ಷಣೆ ಸಿಕ್ಕಿತು. ಅದಕ್ಕೆ ಅಂಟಿಸಿದ ಹೆಚ್ಚುವರಿ ಭಾಗಗಳಿಗೆ ಸಿಗಲಿಲ್ಲ.

ನೋಂದಾಯಿಸಿ, ಬಿಚ್ಚಿ ಎಸೆಯಿರಿ, ಉದ್ದ ನಳಿಗೆ ಹಾಕಿಸಿ ಅಥವಾ ಒಪ್ಪಿಸಿ ಎಂದು ಮೇ 31ರ ಗಡುವು ಬಂತು. ಎಟಿಎಫ್ ಅಂದಾಜಿನಂತೆಯೇ ಕನಿಷ್ಠ 30 ಲಕ್ಷ ಬ್ರೇಸುಗಳು ಜನರ ಬಳಿ ಇದ್ದವು. ಬಂದ ಅರ್ಜಿಗಳು ಎರಡೂವರೆ ಲಕ್ಷದ ಆಸುಪಾಸು. ಹಲವರು ಬ್ರೇಸ್ ಕಳಚಿ ಬರಿಯ ಕೊಳವೆಗೆ ಫೋಮ್ ತೊಡಿಸಿ ನಿಶ್ಚಿಂತರಾಗಲು ನೋಡಿದರು.

ಆ ನಿಯಮ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಕರಡು ನಿಯಮಕ್ಕೂ ಅಂತಿಮ ನಿಯಮಕ್ಕೂ ಸಂಬಂಧವೇ ಇಲ್ಲದಷ್ಟು ಬದಲಾವಣೆಯಾಗಿದೆ ಎಂಬ ವಾದಕ್ಕೆ ಜಯ ಸಿಗುವ ಸಂಭವವಿದೆ ಎಂದು ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2023ರ ಆಗಸ್ಟ್‌ನಲ್ಲಿ ಕಂಡುಕೊಂಡಿತು. 2024ರ ಜೂನ್ 13ರಂದು ಟೆಕ್ಸಾಸ್‌ನ ಕೇಂದ್ರ ನ್ಯಾಯಾಧೀಶ ರೀಡ್ ಓಕಾನರ್ ನಿಯಮವನ್ನೇ ರದ್ದುಗೊಳಿಸಿದರು.

ಹಾಗಾದರೆ ಇಂದು ಏನನ್ನು ಆರಿಸುವುದು ಕ್ಷೇಮ? ನಿಯಮ ಹೋಯಿತು, 1934ರ ಕಾಯ್ದೆ ಹೋಗಲಿಲ್ಲ. ಹೆಗಲಿಗೆಂದೇ ರೂಪಿಸಿದ್ದು ಈಗಲೂ ರೈಫಲ್ಲೇ. ಸ್ಟಾಕ್ ಕೂರಿಸುವ ಕಚ್ಚುಗಳಿಲ್ಲದ, ನುಣುಪಾದ ಪಿಸ್ತೂಲು ಕೊಳವೆ ಅತ್ಯಂತ ನಿರ್ವಿವಾದವಾದದ್ದು. ಫೋಮ್ ಕವಚ ಕೊಳವೆಯ ಸುತ್ತ ಕೂರಬೇಕು, ಅದರ ತುದಿ ದಾಟಿ ಹಿಂದಕ್ಕೆ ಅಗಲವಾದ ದಿಂಬಾಗಬಾರದು. ಚೀಕ್ ರೆಸ್ಟ್ ಕೆನ್ನೆಗೆ ಎತ್ತರ ಕೊಡಲಿ, ಹೆಗಲಿಗೆ ತಟ್ಟೆ ಒದಗಿಸದಿರಲಿ. ಒಟ್ಟು ಉದ್ದ ಹೆಚ್ಚಿಸುವ ನಡುತುಂಡುಗಳಿಂದ ದೂರವಿರುವುದು ಒಳ್ಳೆಯದು. ಯಾರೋ ಕಂಪನಿಗೆ ಬಂದ ಹಳೆಯ ಪತ್ರದ ಪ್ರತಿ ತೋರಿಸಿ ಮಾರಿದರೆ ನಂಬಬೇಡಿ, ಆ ಪತ್ರಗಳು ಎಷ್ಟು ಸಲ ಬದಲಾದವು ಎಂದು ಮೇಲೆಯೇ ನೋಡಿದೆವು. ಇನ್ನೊಂದು ಎಚ್ಚರ: ಉದ್ದ ನಳಿಗೆಯ ರೈಫಲ್ ಇಲ್ಲದ ಮನೆಯಲ್ಲಿ ಪಿಸ್ತೂಲಿಗೆ ಮಾತ್ರ ಹೊಂದುವ ಬಿಡಿ ಸ್ಟಾಕ್ ಇಡಬೇಡಿ. ಪಿಸ್ತೂಲನ್ನು ರೈಫಲ್ಲಾಗಿ ಮಾರ್ಪಡಿಸುವ ಕಿಟ್ ಮಾರುತ್ತಿದ್ದ ಬಂದೂಕು ಕಂಪನಿ ಥಾಂಪ್ಸನ್ ಸೆಂಟರ್‌ನ 1992ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರ ನಿಂತದ್ದು, ಆ ಕಿಟ್‌ನಿಂದ 21 ಇಂಚು ನಳಿಗೆಯ ಕಾನೂನುಬದ್ಧ ರೈಫಲ್ಲನ್ನೂ ಜೋಡಿಸಬಹುದಿತ್ತು ಎಂಬ ಕಾರಣಕ್ಕೆ.

2026ರ ಜನವರಿ 1ರಿಂದ ಮೋಟು ರೈಫಲ್ಲಿನ 200 ಡಾಲರ್ ತೆರಿಗೆ ಸೊನ್ನೆಗೆ ಇಳಿದಿದೆ. ನೋಂದಣಿ ಉಳಿದಿದೆ. ನೋಂದಾಯಿತ ಮೋಟು ರೈಫಲ್ಲನ್ನು ರಾಜ್ಯದ ಗಡಿ ದಾಟಿಸಲು ಎಟಿಎಫ್‌ನ ಮುನ್ನೊಪ್ಪಿಗೆ ಬೇಕು, ಪಿಸ್ತೂಲಿಗೆ ಅದು ಬೇಡ. ಹೀಗಾಗಿ ಪಿಸ್ತೂಲನ್ನೇ ಇಷ್ಟಪಡುವವರು ಇರುತ್ತಾರೆ.

ಅಲ್ಲಿರುವ ಕನ್ನಡಿಗರಿಗೆ ಇದಕ್ಕಿಂತ ಮೊದಲ ಪ್ರಶ್ನೆ ವೀಸಾದ್ದು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಹೊಂದುವುದೇ ಸಾಮಾನ್ಯವಾಗಿ ಕೇಂದ್ರ ಕಾನೂನಿನಡಿ ಅಪರಾಧ, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ. ಗ್ರೀನ್ ಕಾರ್ಡ್ ಇದ್ದವರಿಗೆ ಆ ತಡೆ ಇಲ್ಲ. ಆದರೆ ಟೆಕ್ಸಾಸ್‌ನಲ್ಲಿ ಕೊಂಡ ಎಆರ್ ಪಿಸ್ತೂಲನ್ನು ಕೆಲಸ ಬದಲಾದಾಗ ಕ್ಯಾಲಿಫೋರ್ನಿಯಾಗೆ ಒಯ್ಯುವಂತಿಲ್ಲ. ಕಳಚಬಹುದಾದ ಮ್ಯಾಗಜೀನು ಹಿಡಿಯ ಹೊರಗೆ ಕೂರುವ ಅರೆಸ್ವಯಂಚಾಲಿತ ಪಿಸ್ತೂಲನ್ನು ಆ ರಾಜ್ಯ ನಿಷೇಧಿತ ಆಯುಧಗಳ ಪಟ್ಟಿಯಲ್ಲಿಟ್ಟಿದೆ. ಕೊಳವೆಗೆ ಏನು ತೊಡಿಸಿದರೂ, ಏನನ್ನೂ ತೊಡಿಸದಿದ್ದರೂ ಅಲ್ಲಿ ವ್ಯತ್ಯಾಸವಾಗುವುದಿಲ್ಲ.