ಸಾದಾ ಗಡ್ಡೆಯ ಮುಂಗೋಪ

ಹೊಟ್ಟೆನೋವಿಗೋ ಪಿತ್ತಕೋಶದ ಕಲ್ಲಿನ ಅನುಮಾನಕ್ಕೋ ಶಿವಮೊಗ್ಗಕ್ಕೆ ಬಂದು ಸ್ಕ್ಯಾನಿಂಗ್ ಮಾಡಿಸಿಕೊಂಡ ತೀರ್ಥಹಳ್ಳಿ, ಹೊಸನಗರ ಕಡೆಯವರ ವರದಿಯಲ್ಲಿ ಕೆಲವೊಮ್ಮೆ ಯಾರೂ ಹುಡುಕದೇ ಇದ್ದ ಸಂಗತಿಯೊಂದು ಕಾಣಿಸಿಕೊಳ್ಳುತ್ತದೆ: ಮೂತ್ರಪಿಂಡದಲ್ಲಿ ಆಂಜಿಯೋಮಯೋಲಿಪೋಮ. ಹೆಸರು ಕೇಳಿಯೇ ಗಾಬರಿಯಾದವರಿಗೆ ವೈದ್ಯರು ‘ಇದು ಸಾದಾ ಗಡ್ಡೆ, ಕ್ಯಾನ್ಸರ್ ಅಲ್ಲ’ ಎಂದು ಧೈರ್ಯ ಹೇಳುತ್ತಾರೆ. ಬಸ್ಸು ಹತ್ತಿ ಊರು ಮುಟ್ಟುವಷ್ಟರಲ್ಲಿ ಆ ಮಾತು ‘ಏನೂ ಇಲ್ಲವಂತೆ’ ಎಂದಾಗಿರುತ್ತದೆ. ವೈದ್ಯರು ಹೇಳಿದ್ದು ನಿಜ. ಊರು ಮುಟ್ಟಿದ್ದು ಮಾತ್ರ ಬೇರೆಯೇ ಮಾತು.

ಗಡ್ಡೆಯನ್ನು ಸಾದಾ ಎಂದು ಕರೆಯುವುದು ಅದರ ಜೀವಕೋಶಗಳ ನಡತೆಯನ್ನು ನೋಡಿ. ಅವು ಹುಟ್ಟಿದ ಜಾಗವನ್ನು ಬಿಟ್ಟು ದೂರದ ಅಂಗಗಳಿಗೆ ಹೋಗಿ ಬೇರೂರುವುದಿಲ್ಲ ಎಂಬುದಷ್ಟೇ ಆ ಪದದ ತಾತ್ಪರ್ಯ. ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದಿದೆ, ಅದರೊಳಗಿನ ರಕ್ತನಾಳಗಳು ಎಷ್ಟು ಗಟ್ಟಿ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಆಂಜಿಯೋಮಯೋಲಿಪೋಮದಲ್ಲಿ ಇರುವುದು ಮೂರು ಪದಾರ್ಥ: ರಕ್ತನಾಳ, ಸ್ನಾಯು ಮತ್ತು ಕೊಬ್ಬು. ಸಿ.ಟಿ. ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಅದರ ಗುರುತು ಸಿಗುವುದು ಕೊಬ್ಬಿನಿಂದ. ಅಪಾಯ ಬರುವುದು ರಕ್ತನಾಳಗಳಿಂದ. ಆರೋಗ್ಯವಂತ ಅಪಧಮನಿಯ ಗೋಡೆಯಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ಪದರವಿರುತ್ತದೆ, ಈ ಗಡ್ಡೆಯ ನಾಳಗಳಲ್ಲಿ ಆ ಪದರ ಸರಿಯಾಗಿ ಬೆಳೆದಿರುವುದಿಲ್ಲ. ವರ್ಷಗಟ್ಟಲೆ ಬಿಸಿಲು ಕಂಡು ಜೀವ ಕಳೆದುಕೊಂಡ ತೋಟದ ಪೈಪು ಮೋಟಾರು ಹಾಕಿದ ಕೂಡಲೇ ಉಬ್ಬಿ ಸೀಳುವುದನ್ನು ಕಂಡ ಅಡಿಕೆ ಬೆಳೆಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು, ಅಂದರೆ ನಿಮಿಷಕ್ಕೆ ಹತ್ತಿರ ಹತ್ತಿರ 1 ಲೀಟರು, ಮೂತ್ರಪಿಂಡಗಳ ಮೂಲಕವೇ ಹಾಯುತ್ತದೆ. ಅಂಥ ಒತ್ತಡದ ಜಾಗದಲ್ಲಿ ದುರ್ಬಲ ನಾಳವೊಂದು ಗುಳ್ಳೆಯಂತೆ ಉಬ್ಬಿ 5 ಮಿಲಿಮೀಟರ್ ದಾಟಿತೆಂದರೆ, ಅಥವಾ ಗಡ್ಡೆಯೇ 4 ಸೆಂಟಿಮೀಟರ್ ಮೀರಿ ಬೆಳೆಯಿತೆಂದರೆ, ಒಡೆಯುವ ಸಂಭವ ಹೆಚ್ಚುತ್ತದೆ.

ಒಡೆದಾಗ ಪಕ್ಕೆಯಲ್ಲಿ ಹಠಾತ್ತನೆ ತೀವ್ರ ನೋವು, ತಲೆಸುತ್ತು, ಬೆವರು ಕಾಣಿಸಿಕೊಳ್ಳುತ್ತವೆ, ರಕ್ತದೊತ್ತಡ ಕುಸಿಯುತ್ತದೆ. ರಕ್ತ ಬೆನ್ನಿನ ಕಡೆಗೆ, ಮೂತ್ರಪಿಂಡದ ಸುತ್ತಲೇ ಶೇಖರವಾಗುವುದರಿಂದ ಹೊರಗೆ ಏನೂ ಕಾಣದಿರಬಹುದು. ಮೂತ್ರಪಿಂಡದ ಸುತ್ತ ಪೆಟ್ಟಿಲ್ಲದೆ ಆಗುವ ಇಂಥ ರಕ್ತಸ್ರಾವವನ್ನು 1856ರಲ್ಲಿ ವಿವರಿಸಿದವರು ಜರ್ಮನಿಯ ಕಾರ್ಲ್ ವುಂಡರ್ಲಿಶ್; ಜ್ವರ ನೋಡಲು ಥರ್ಮಾಮೀಟರಿನ ಬಳಕೆಯನ್ನು ರೂಢಿಗೆ ತಂದವರೂ ಇವರೇ. ಈ ಗಡ್ಡೆ ಹೆಂಗಸರಲ್ಲಿ ಹೆಚ್ಚು, ಬಸುರಿನಲ್ಲಿ ಒಡೆಯುವ ಭಯವೂ ಹೆಚ್ಚು. ಹಾಗಾಗಿ ಮಗುವನ್ನು ಬಯಸುವವರು ಈ ವರದಿಯನ್ನು ಕಪಾಟಿನಲ್ಲಿ ಮರೆತುಬಿಡಬಾರದು.

ಇನ್ನೂ ವಿಚಿತ್ರವಾದದ್ದು ಈ ಗಡ್ಡೆಯ ಅಲೆದಾಟ. ಅಪರೂಪಕ್ಕೆ ಅದು ಹುಟ್ಟಿದ ಜಾಗದ ನಂಟು ಬಿಡದೆಯೇ ಮೂತ್ರಪಿಂಡದ ಅಭಿಧಮನಿಯೊಳಗೆ ನುಸುಳಿ, ದೊಡ್ಡ ಮಹಾಸಿರೆಯಲ್ಲಿ ಮೇಲೇರಿ, ಹೃದಯದ ಬಲ ಹೃತ್ಕರ್ಣದವರೆಗೂ ಹಬ್ಬಿದ ಉದಾಹರಣೆಗಳಿವೆ. ಪಕ್ಕದ ದುಗ್ಧರಸ ಗ್ರಂಥಿಯಲ್ಲಿ ಅದೇ ಬಗೆಯ ಕೋಶಗಳು ಸಿಕ್ಕರೂ ಅದನ್ನು ಕ್ಯಾನ್ಸರಿನ ಹರಡುವಿಕೆ ಎಂದು ರೋಗಶಾಸ್ತ್ರಜ್ಞರು ಎಣಿಸುವುದಿಲ್ಲ, ಅಲ್ಲಿಯೂ ಪ್ರತ್ಯೇಕವಾಗಿ ಹುಟ್ಟಿದ್ದು ಎನ್ನುತ್ತಾರೆ. ಆಂಕೋಸೈಟೋಮ ಎಂಬ, ಮೂತ್ರಪಿಂಡದ ಇನ್ನೊಂದು ಸಾದಾ ಗಡ್ಡೆಯೂ ಕೆಲವೊಮ್ಮೆ ಸುತ್ತಲಿನ ಕೊಬ್ಬಿನೊಳಕ್ಕೆ ನುಗ್ಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರಿನ ವೇಷ, ನಡತೆಯಲ್ಲಿ ಸಾಧು. ಆದರೆ ಆಂಜಿಯೋಮಯೋಲಿಪೋಮದ್ದೇ ಎಪಿಥೆಲಾಯ್ಡ್ ಎಂಬ ವಿರಳ ಪ್ರಭೇದವೊಂದಿದೆ. ಅದು ದೂರದ ಅಂಗಗಳಿಗೆ ನಿಜಕ್ಕೂ ಹರಡಬಲ್ಲದಾದ್ದರಿಂದ ಸಾದಾ ಎಂಬ ಪದ ಅದಕ್ಕೆ ಸಲ್ಲುವುದಿಲ್ಲ.

ಬಹುಪಾಲು ಜನರಲ್ಲಿ ಇದು ಒಂಟಿ ಗಡ್ಡೆ. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಆನುವಂಶಿಕ ಕಾಯಿಲೆ ಇರುವವರಲ್ಲಿ ಮಾತ್ರ ಎರಡೂ ಮೂತ್ರಪಿಂಡಗಳಲ್ಲಿ ಹಲವು ಗಡ್ಡೆಗಳು ಏಳುತ್ತವೆ; ಕೋಶದ ಬೆಳವಣಿಗೆಗೆ ಬ್ರೇಕ್ ಹಾಕುವ ಎರಡು ಜೀನ್‌ಗಳಲ್ಲೊಂದು ಅವರಲ್ಲಿ ಕೆಟ್ಟಿರುತ್ತದೆ. ಅಂಥವರ ಗಡ್ಡೆಯನ್ನು ಕುಗ್ಗಿಸುವ ಎವರೋಲಿಮಸ್ ಮಾತ್ರೆಯ ಮೂಲವಸ್ತು ದೊರೆತದ್ದು, 1964ರಲ್ಲಿ ಹೊರಟ ತಂಡವೊಂದು ಈಸ್ಟರ್ ದ್ವೀಪದಿಂದ ತಂದ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಲ್ಲಿ. ಮಲೆನಾಡಿನ ಮೊದಲ ಮಳೆಗೆ ನೆಲದಿಂದೇಳುವ ವಾಸನೆಯೂ ಬಹುಮಟ್ಟಿಗೆ ಅದೇ ಕುಲದ ಬ್ಯಾಕ್ಟೀರಿಯಾಗಳ ಕೊಡುಗೆ.

ಚಿಕ್ಕ ಗಡ್ಡೆಗೆ ಆಗಾಗ ಸ್ಕ್ಯಾನ್ ಮಾಡಿಸುತ್ತಿದ್ದರೆ ಸಾಕಾಗುತ್ತದೆ. ಅಪಾಯ ಕಂಡರೆ, ಅಥವಾ ಒಡೆದೇಬಿಟ್ಟರೆ, ತೊಡೆಯ ಸಂದಿನಿಂದ ಸಣ್ಣ ನಳಿಕೆ ತೂರಿಸಿ ಆ ರಕ್ತನಾಳವನ್ನಷ್ಟೇ ಮುಚ್ಚಬಹುದು, ಮೂತ್ರಪಿಂಡ ಉಳಿಯುತ್ತದೆ. ಆದರೆ ಈ ಸೌಲಭ್ಯ ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಮುಂಚಿತವಾಗಿ ಚಿಕಿತ್ಸೆ ಮಾಡಬೇಕೇ, ಕಾಯಬೇಕೇ ಎಂದು ತೂಗುವಾಗ ವೈದ್ಯರು ಗಡ್ಡೆಯ ಅಳತೆಯ ಜೊತೆಗೆ ತುರ್ತು ಚಿಕಿತ್ಸೆ ರೋಗಿಗೆ ಎಷ್ಟು ಹತ್ತಿರದಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. 2025ರಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೆ, ಸಂಜೆಯ ಕೊನೆಯ ಲಾಂಚ್ ಹೊರಟ ಮೇಲೆ ಸಾಗರ ತಾಲ್ಲೂಕಿನ ತುಮರಿಯವರಿಗೆ ಶರಾವತಿ ಹಿನ್ನೀರು ದಾಟುವ ದಾರಿಯಿರಲಿಲ್ಲ. ಆದ್ದರಿಂದ ವೈದ್ಯರ ಮುಂದೆ ಕುಳಿತಾಗ ಮನೆ ಯಾವ ಊರಿನಲ್ಲಿದೆ, ಮಳೆಗಾಲದ ರಾತ್ರಿ ಅಲ್ಲಿಂದ ಹೊರಟರೆ ದೊಡ್ಡಾಸ್ಪತ್ರೆ ಸೇರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಅವರು ಕೇಳದಿದ್ದರೂ ನಾವೇ ಹೇಳಬೇಕು.