ಸ್ಕಾರ್‌ಬರೋ: ಗುಡ್ಡದ ನೀರು ಬೆಳೆಸಿದ ಊರು

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಯಾರ್ಕ್‌ಶೈರ್ ಸೀಮೆಯಲ್ಲಿ ಸ್ಕಾರ್‌ಬರೋ ಎಂಬ ಊರಿದೆ. ನಡುವೆ ಸಮುದ್ರದೊಳಕ್ಕೆ ಮೂಗು ಚಾಚಿದ ಬಂಡೆಗುಡ್ಡ, ಅದರ ತಲೆಯ ಮೇಲೆ 12ನೇ ಶತಮಾನದ ಕೋಟೆ. ಆ ಕಡೆ ಒಂದು ಕೊಲ್ಲಿ, ಈ ಕಡೆ ಒಂದು ಕೊಲ್ಲಿ. ಗಟ್ಟಿ ಕಲ್ಲು ಅಲೆಗಳಿಗೆ ಜಗ್ಗದೆ ನಿಂತಿತು, ಅಕ್ಕಪಕ್ಕದ ಮೆತ್ತನೆಯ ಮಣ್ಣು ಕೊಚ್ಚಿಹೋಯಿತು. ಗುಡ್ಡದ ಮರೆಯಲ್ಲಿರುವ ದಕ್ಷಿಣ ಕೊಲ್ಲಿಯಲ್ಲಿ ಬಂದರು ಬೆಳೆಯಿತು. 1253ರಲ್ಲಿ ರಾಜ ಮೂರನೇ ಹೆನ್ರಿ ಇಲ್ಲಿ ಜಾತ್ರೆಗೆ ಅಪ್ಪಣೆ ಕೊಟ್ಟ. ಆಗಸ್ಟ್ 15ರಿಂದ ಶುರುವಾದರೆ 45 ದಿನ ವ್ಯಾಪಾರವೋ ವ್ಯಾಪಾರ.

ಬಂದರಿನ ಊರು ಪ್ರವಾಸಿಗರ ಊರಾಗಿದ್ದು ಮಾತ್ರ ಒಬ್ಬ ಹೆಂಗಸಿನ ಕಣ್ಣಿನಿಂದ. 1626ರ ಸುಮಾರಿಗೆ ಫ್ಯಾರೋ ಎಂಬಾಕೆ ದಕ್ಷಿಣ ಕೊಲ್ಲಿಯ ಗುಡ್ಡದ ಬುಡದಲ್ಲಿ ನಡೆಯುವಾಗ, ಅಲ್ಲಿ ಜಿನುಗುತ್ತಿದ್ದ ನೀರು ಕಲ್ಲುಗಳಿಗೆ ಕೆಂಗಂದು ಬಣ್ಣ ಹಚ್ಚಿದ್ದನ್ನು ಗಮನಿಸಿದಳು. ಕುಡಿದು ನೋಡಿದರೆ ಸ್ವಲ್ಪ ಕಹಿ. ಆ ಬಣ್ಣ ಕಬ್ಬಿಣದ್ದು. ಕಹಿ ಮೆಗ್ನೀಸಿಯಂ ಸಲ್ಫೇಟಿನದ್ದು, ಹೊಟ್ಟೆ ಖಾಲಿ ಮಾಡಿಸುವ ಅದೇ ಉಪ್ಪು. ಮೇಲೆ ಬಿದ್ದ ಮಳೆನೀರು ಮಣ್ಣು, ಕಲ್ಲುಗಳ ನಡುವೆ ಇಳಿಯುತ್ತಾ ಇವನ್ನೆಲ್ಲ ಕರಗಿಸಿಕೊಂಡು ಬರುತ್ತಿತ್ತು, ಅಷ್ಟೆ. 1660ರಲ್ಲಿ ವೈದ್ಯ ರಾಬರ್ಟ್ ವಿಟ್ಟಿ ಈ ನೀರು ರೋಗಕ್ಕೆ ಮದ್ದು ಎಂದು ಹೊಗಳಿ ಪುಸ್ತಕವನ್ನೇ ಬರೆದ. ನೀರು ಕುಡಿಯಲು ಬಂದ ಶ್ರೀಮಂತರು ಸಮುದ್ರಕ್ಕೂ ಇಳಿದರು. 1735ರ ಒಂದು ಚಿತ್ರದಲ್ಲಿ ಚಕ್ರವಿರುವ ಪುಟ್ಟ ಮರದ ಕೋಣೆ ಕಾಣುತ್ತದೆ. ಅದರೊಳಗೆ ಬಟ್ಟೆ ಬದಲಿಸಿಕೊಂಡು ನೇರ ನೀರಿಗೆ ಇಳಿಯಬಹುದಿತ್ತು.

ಎರಡೇ ವರ್ಷದಲ್ಲಿ ಗುಡ್ಡ ಮಗ್ಗುಲು ಬದಲಿಸಿತು. 1737ರ ಡಿಸೆಂಬರಿನಲ್ಲಿ, ದನಗಳು ಮೇಯುತ್ತಿದ್ದ ಹುಲ್ಲುಗಾವಲೇ ಕೆಳಕ್ಕೆ ಕುಸಿಯಿತು. ಅದೇ ಹೊತ್ತಿಗೆ ಬುಡದಲ್ಲಿದ್ದ ಮರಳು ಮೇಲೆದ್ದಿತು. ಮದ್ದಿನ ನೀರು ಕುಡಿಯಲು ಬರುವವರಿಗಾಗಿ ಒರತೆಯ ಬಳಿ ಕಟ್ಟಿದ್ದ ‘ಸ್ಪಾ’ ಕಟ್ಟಡ ನಾಶವಾಯಿತು, ಒರತೆಯೂ ಮುಚ್ಚಿಹೋಗಿ ಮತ್ತೆ ಹುಡುಕಬೇಕಾಯಿತು.

ಮೇಲಿನದು ಇಳಿದರೆ ಕೆಳಗಿನದು ಯಾಕೆ ಏಳಬೇಕು? ಈ ಗುಡ್ಡದಲ್ಲಿ ಹಿಮಯುಗದ ಹಿಮನದಿಗಳು ತಂದು ಸುರಿದ ಜೇಡಿ, ಮರಳು, ಕಲ್ಲುಗುಂಡುಗಳ ಮಿಶ್ರಣ ದಪ್ಪಗೆ ಕೂತಿದೆ. ಮಳೆ ಜಾಸ್ತಿಯಾದಾಗ ಮಣ್ಣಿನ ಸಂದುಗಳಲ್ಲಿ ನೀರು ತುಂಬಿ ಕಣಗಳನ್ನು ದೂರ ತಳ್ಳುತ್ತದೆ, ಅವುಗಳ ಹಿಡಿತ ಸಡಿಲವಾಗುತ್ತದೆ. ಆಗ ಮಣ್ಣು ಹಲಗೆಯ ಮೇಲಿಂದ ಜಾರಿದಂತೆ ಜಾರುವುದಿಲ್ಲ. ಬಟ್ಟಲನ್ನು ಓರೆ ಮಾಡಿದಾಗ ಮೊಸರಿನ ಗಡ್ಡೆ ಹೊರಳುತ್ತದಲ್ವಾ, ಹಾಗೆ ಇಡಿಯಾಗಿ ಹೊರಳುತ್ತದೆ. ತಲೆ ಇಳಿಯುತ್ತದೆ, ಕಾಲು ಏಳುತ್ತದೆ. ಅಂದರೆ ಊರಿಗೆ ಅನ್ನ ಕೊಟ್ಟ ನೀರೇ ಊರಿನ ನೆಲವನ್ನೂ ಕೀಳುತ್ತಿತ್ತು. ಸ್ಕಾರ್‌ಬರೋದ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ.

ಊರು ಹೆದರಲಿಲ್ಲ. ಇಂಗ್ಲೆಂಡಿನ ನೆಲದಡಿಯ ಕಲ್ಲಿನ ಪದರಗಳ ನಕ್ಷೆ ಬರೆದ ವಿಲಿಯಂ ಸ್ಮಿತ್ ಸಾಲಗಾರರ ಜೈಲಿನಿಂದ ಹೊರಬಂದ ಮೇಲೆ ಈ ಕಡೆ ನೆಲೆಸಿದ. ಅವನ ಯೋಚನೆಯಂತೆ 1829ರಲ್ಲಿ ರೋಟಂಡಾ ಎಂಬ ದುಂಡನೆಯ ಮ್ಯೂಸಿಯಂ ತೆರೆಯಿತು. ಒಳಗೆ ಪಳೆಯುಳಿಕೆಗಳನ್ನು ನೆಲದಲ್ಲಿದ್ದ ಕ್ರಮದಲ್ಲೇ ಜೋಡಿಸಿದ್ದರು: ಹಳೆಯವು ಕೆಳಗಿನ ಕಪಾಟಿನಲ್ಲಿ, ಹೊಸವು ಮೇಲೆ. ಕಣ್ಣೆತ್ತಿದರೆ ಸಾಕು, ಕಾಲ ಮೇಲಕ್ಕೆ ಹತ್ತುತ್ತಿತ್ತು! 1845ರಲ್ಲಿ ರೈಲು ಬಂತು, ಜೊತೆಗೆ ಸಾಮಾನ್ಯ ಜನರೂ ಬಂದರು. 1867ರ ಗ್ರ್ಯಾಂಡ್ ಹೋಟೆಲಿನ ಸ್ನಾನದ ತೊಟ್ಟಿಗಳಿಗೆ ಸಮುದ್ರದ ನೀರಿಗೆಂದೇ ಬೇರೆ ನಲ್ಲಿಗಳಿದ್ದವು.

1993ರ ಜೂನ್‌ನಲ್ಲಿ ಗುಡ್ಡ ಮತ್ತೆ ಹೊರಳಿತು. ಸ್ಪಾದ ದಕ್ಷಿಣಕ್ಕೆ 60 ಮೀಟರ್ ಎತ್ತರದ ಅಂಚಿನ ಹಿಂದೆ ಹೋಲ್ಬೆಕ್ ಹಾಲ್ ಹೋಟೆಲ್ ಇತ್ತು. ಕೆಲವು ವಾರಗಳ ಮುಂಚೆಯೇ ಕಾಲುದಾರಿಯ ಡಾಂಬರಿನಲ್ಲಿ ಬಿರುಕು ಕಂಡಿತ್ತು. ಜೂನ್ 3ರ ರಾತ್ರಿಯಿಂದ 5ರೊಳಗೆ ಸುಮಾರು 10 ಲಕ್ಷ ಟನ್ ಮಣ್ಣು ಇಳಿಯಿತು. ಮೊದಲು ಹುಲ್ಲುಹಾಸು ಹೋಯಿತು, ಆಮೇಲೆ ಗೋಡೆಗಳು. ಅತಿಥಿಗಳು ಅಷ್ಟರಲ್ಲಿ ಹೊರಬಂದಿದ್ದರು, ಯಾರಿಗೂ ಏನೂ ಆಗಲಿಲ್ಲ. ಮಣ್ಣು ಗುಡ್ಡದ ಬುಡದಿಂದ ಸಮುದ್ರದ ಕಡೆಗೆ 135 ಮೀಟರ್ ನಾಲಿಗೆ ಚಾಚಿತು. ಆ ನಾಲಿಗೆಯ ಅಂಚಿಗೆ ಬಂಡೆಗಳನ್ನು ಪೇರಿಸಿದರು. ಮೇಲೆ ಈಗ ಹುಲ್ಲು ಬೆಳೆದಿದೆ.