ಹಾಜರಿಯೋ, ಕಿಲೋ ಲೆಕ್ಕವೋ?

ಕೊಡಗಿನ ಕಾಫಿ ತೋಟದಲ್ಲಿ ಕೂಲಿ ಲೆಕ್ಕ ಎರಡು ಥರ. ಕಳೆ ಕೊಚ್ಚುವುದು, ಗೊಬ್ಬರ ಹಾಕುವುದು, ಮರದ ಕೊಂಬೆ ಸವರುವ ಕಪಾತು, ಇವಕ್ಕೆಲ್ಲ ಹಾಜರಿ. ಬೆಳಿಗ್ಗೆ ತೋಟದ ಗುಮಾಸ್ತ, ಅಂದರೆ ರೈಟರ್, ಅವರ ಪುಸ್ತಕದಲ್ಲಿ ಹೆಸರು ಬಿದ್ದರೆ ಆ ದಿನದ ಸಂಬಳ ಗಟ್ಟಿ. ಕೊಯ್ಲು ಶುರುವಾದರೆ ಬಹಳ ಕಡೆ ಕಿಲೋ ಲೆಕ್ಕ. ಸಂಜೆ ಚೀಲ ತೂಗಿದಷ್ಟು ದುಡ್ಡು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಬೆಂಗಳೂರಿನ ಐಟಿ ಕೆಲಸದಲ್ಲಿದ್ದ ಮಕ್ಕಳು ಲ್ಯಾಪ್‌ಟಾಪ್ ಹಿಡಿದು ತೋಟದ ಮನೆಗೆ ಬಂದರು. ಬಂದವರಿಗೆ ಮೊದಲು ಕಂಡ ಯಜಮಾನ ನೆಟ್‌ವರ್ಕ್. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೆ ಅನ್ನೋದು ಯಾರಿಗೂ ಗೊತ್ತಿರಲ್ಲ. ಮುಳ್ಳೂರಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿ, ಅಲ್ಲಿಂದಲೇ ಪಾಠ ಮಾಡಿದರು. ಪತ್ರಿಕೆಗಳಲ್ಲಿ ಫೋಟೊ ಬಂತು, ನಾವೆಲ್ಲ ಮೆಚ್ಚಿಕೊಂಡೆವು. ಶಿಕ್ಷಕರು ಮರ ಹತ್ತಬೇಕಾದ ಪರಿಸ್ಥಿತಿಯ ಬಗ್ಗೆ ಮಾತು ಕಡಿಮೆ.

ಮ್ಯಾನೇಜರ್‌ಗಳಿಗೆ ಬೇರೆಯೇ ತಲೆನೋವು. ಕಣ್ಣೆದುರು ಇಲ್ಲದವರು ಕೆಲಸ ಮಾಡ್ತಿದ್ದಾರಾ? ಕೆಲವರು ಕ್ಯಾಮೆರಾ ಆನ್ ಮಾಡಿ ಅಂದರು, ಚಾಟ್‌ನ ಹಸಿರು ಚುಕ್ಕೆ ಕಾದರು. ಇದು ಹಾಜರಿ. ಇನ್ನು ಕೆಲವರು, ಶುಕ್ರವಾರದೊಳಗೆ ಕೆಲಸ ಮುಗಿದರೆ ಸಾಕು, ಎಲ್ಲಿಂದಾದರೂ ಮಾಡಿ ಅಂದರು. ಇದು ಕಿಲೋ. ಎರಡನೆಯವರ ಕೈಕೆಳಗಿದ್ದವರೇ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ರಜೆ ಕೇಳದೆ ಕದಿರು (ಭತ್ತದ ತೆನೆ) ತೆಗೆಯಲು ಹೋದದ್ದು.

ಹಾಗಂತ ಕಿಲೋ ಲೆಕ್ಕವೇ ಸರಿ ಅನ್ನುವಂತಿಲ್ಲ. ತೂಕಕ್ಕೆ ದುಡ್ಡು ಅಂದಾಗ ಹಣ್ಣಿನ ಜೊತೆ ಹಸಿ ಕಾಯಿಯೂ ಚೀಲಕ್ಕೆ ಬೀಳುತ್ತದೆ. ತೂಕ ಜಾಸ್ತಿ, ಕಾಫಿ ಮಾತ್ರ ಕೆಡುತ್ತದೆ. ಎಷ್ಟು ಮೇಲ್ ಕಳಿಸಿದೆ, ಎಷ್ಟು ಟಿಕೆಟ್ (ದಾಖಲಾದ ದೂರು, ಕೆಲಸ) ಮುಚ್ಚಿದೆ ಎಂದು ಎಣಿಸುವ ಕಂಪನಿಗಳಲ್ಲಿ ಆಗುವುದೂ ಇದೇ, ಅಲ್ವಾ? ತೋಟದವರಿಗೆ ಇನ್ನೊಂದು ವಿಷಯವೂ ಗೊತ್ತು. ಕೊಯ್ಲಿನ ಕೊನೆಯಲ್ಲಿ ಗಿಡದಲ್ಲಿ ಹಣ್ಣು ವಿರಳ, ನೆಲಕ್ಕೆ ಉದುರಿದ್ದನ್ನು ಹೆಕ್ಕಬೇಕು. ಕಿಲೋ ಲೆಕ್ಕದಲ್ಲಿ ಆಗ ದಿನದ ಕೂಲಿಯೂ ಹುಟ್ಟುವುದಿಲ್ಲ. ಅದಕ್ಕೇ ಮತ್ತೆ ಹಾಜರಿಗೆ ಬರುತ್ತಾರೆ.

ಇನ್ನು, ಮನೆಯಿಂದ ಕೆಲಸ ಅನ್ನುವುದು ಕೊಡಗಿಗೆ ಹೊಸದೇನಲ್ಲ. ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡರು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿ ಬಳಿ ಕಾಫಿ ತೋಟ ಮಾಡಿದ. ಮುಂದೆ ತೋಟಗಳು ಹರಡಿದ ಹಾಗೆ ಕೂಲಿಯವರ ಸಾಲುಮನೆಗಳು, ಅಂದರೆ ಲೈನ್‌ಮನೆಗಳೂ ಎದ್ದವು. 1951ರ ತೋಟ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳ ಮಾಲೀಕರು ಕೆಲಸಗಾರರಿಗೆ ಮನೆ ಕೊಡಬೇಕು ಎಂದಿತು. ಬಾಗಿಲು ತೆರೆದರೆ ಕೆಲಸ. ಕೆಲಸ ಬಿಟ್ಟರೆ ಮನೆಯೂ ಹೋಗುತ್ತದೆ. ಲ್ಯಾಪ್‌ಟಾಪಿನವರು ಸ್ವಾತಂತ್ರ್ಯ ಅಂದದ್ದು ಇಲ್ಲಿನ ಆದಿವಾಸಿ ಎರವರಿಗೆ, ಅಸ್ಸಾಮಿನಿಂದ ಬಂದವರಿಗೆ ಕಟ್ಟಿಹಾಕುವ ಹಗ್ಗವೂ ಹೌದು.

ಲಾಕ್‌ಡೌನಿನಲ್ಲಿ ಆ ಹಗ್ಗ ಸ್ಪಷ್ಟವಾಗಿ ಕಾಣಿಸಿತು. ಹೊರಗಿನಿಂದ ಬಂದ ಕಾರ್ಮಿಕರಲ್ಲಿ ಹಲವರು ಊರಿಗೆ ಹೋಗಲು ಪರದಾಡಿದರು. ಅವರು ಬಿಟ್ಟು ಹೋದ ತೋಟಗಳಲ್ಲಿ ಮುಂದಿನ ಕೊಯ್ಲಿಗೆ ಜನ ಹುಡುಕುವುದೇ ಕೆಲಸವಾಯಿತು. ರೇಷನ್ ತಲುಪಿಸಿ, ಜ್ವರ ಬಂದವರನ್ನು ಆಸ್ಪತ್ರೆಗೆ ಸೇರಿಸಿ, ಒಂದು ಮಾತು ಒಳ್ಳೆಯದಾಗಿ ಆಡಿದ ಸಾಹುಕಾರರ ತೋಟಕ್ಕೆ ವಾಪಸ್ ಬರುವ ಮನಸ್ಸು ಯಾರಿಗಾದರೂ ಇರುತ್ತದೆ. ಇದನ್ನು ಕಲಿಸಲು ಯಾವ ಟ್ರೈನಿಂಗೂ ಬೇಕಾಗಿರಲಿಲ್ಲ.

ಈಗ ಹಲವು ಕಂಪನಿಗಳು ವಾರಕ್ಕೆ ಇಷ್ಟು ದಿನ ಆಫೀಸಿಗೆ ಬನ್ನಿ ಎನ್ನುತ್ತಿವೆ. ಬಾಗಿಲಲ್ಲಿ ಕಾರ್ಡ್ ಉಜ್ಜಿದ ಲೆಕ್ಕ ನೋಡುತ್ತಿವೆ. ರೈಟರ್ ಪುಸ್ತಕ ತೋಟದಿಂದ ಅಲ್ಲಿಗೂ ಹೋಗಿದೆ.